ದೆಯಾನೀರಾಳ ಎರಡನೆಯ ಬಾಣಂತನ

ಸುಲೇಮಾ ಹದಿನೆಂಟು ದಿನದ ಹಸುಗೂಸಾಗಿದ್ದಾಗ ಅವಳನ್ನು ತುಂದಾ ಹೊತ್ತುಕೊಂಡು ಹೋಗಿತ್ತು. ನಮ್ಮ ಸಾಂತಾ ರೀತಾದಲ್ಲಿ ಈ ಸಂಗತಿಯನ್ನು ಕೇಳದವರಿಲ್ಲ. ಸುಲೇಮಾ ತಾನೇ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದಳು. ಐದು ವರ್ಷದ ಹುಡುಗಿ, ಪಟ್ಟಣದ ಕಡೆಯಿಂದ ಹೊಸಬರು ಯಾರಾದರೂ ದೋಣಿಯಿಂದ ಇಳಿದರೆ ಎದುರಿಗೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು ನಿಂತು, "ನನ್ನನ್ನ ತುಂದಾ ಎತ್ಕೊಂಡ್ ಹೋಗಿತ್ತು, ಗೊತ್ತಾ? ನಮ್ಮಮ್ಮನ ಥರಾನೇ ಆಗ್ಬಿಟ್ಟು ಬಂದಿತ್ತು," ಎಂದು ಶುರುಮಾಡುವಳು. ಕೇಳುವವರು ಕಣ್ಣರಳಿಸಿದಷ್ಟೂ ಅವಳ ಕಥೆ ಉದ್ದವಾಗುತ್ತಿತ್ತು.

ತುಂದಾ ಎಂಬ ಹೆಣ್ಣುಭೂತ ಇರುವುದು ಉಪ್ಪುನೀರಿನ ಕಾಂಡ್ಲಾ ಕಾಡಿನ ಕೆಸರಿನಲ್ಲಿ. ಮಕ್ಕಳೆಂದರೆ ಅವಳಿಗೆ ಆಸೆ. ತಾಯಿಯ, ಚಿಕ್ಕಮ್ಮನ, ಅಜ್ಜಿಯ ಮುಖ ಹೊತ್ತು ಬರುತ್ತಾಳೆ. ದನಿ ಅದೇ, ನಡಿಗೆ ಅದೇ, ಉಟ್ಟ ಲಂಗವೂ ಅದೇ. ಒಂದು ಪಾದವನ್ನು ಮಾತ್ರ ಬದಲಿಸಲು ಅವಳಿಂದಾಗುವುದಿಲ್ಲ. ಅದು ಚಾಕೊಲೇಟು ಕಡೆಯುವ ಮರದ ಕಡೆಗೋಲಿನಂತೆ ಇರುತ್ತದೆ. ಅವಳು ಒಯ್ದ ಮಗುವನ್ನು ಬಿಡಿಸಿ ತರಲು, ದೀಕ್ಷಾಸ್ನಾನದ ದಿನ ತಲೆಗೆ ನೀರು ಹಾಕುವಾಗ ಆ ಮಗುವನ್ನು ಹಿಡಿದುಕೊಂಡಿದ್ದವರೇ ಹೋಗಬೇಕು. ಡೋಲು ಬಡಿಯಬೇಕು, ಪ್ರಾರ್ಥನೆ ಹೇಳಬೇಕು, ನಡುನಡುವೆ ಬಾಯಿಗೆ ಬಂದ ಹೊಲಸು ಬೈಗುಳವನ್ನೆಲ್ಲ ಬೈಯಬೇಕು. ಬೈಗುಳ ಕೇಳಿದರೆ ಅವಳು ನಿಲ್ಲುವುದಿಲ್ಲ.

ಸುಲೇಮಾಳ ಜ್ಞಾನತಾಯಿ ನಾನು. ಅವಳು ಹುಟ್ಟಿದ ಮೂರನೆಯ ದಿನ ತಲೆಗೆ ನೀರು ಹಾಕುವಾಗ ಹಿಡಿದುಕೊಂಡಿದ್ದವಳು ನಾನೇ. ಅಂದಿನಿಂದ ಅವಳ ತಾಯಿ ದೆಯಾನೀರಾ ನನಗೆ ಕೊಮಾದ್ರೆ, ಅಂದರೆ ಜೊತೆತಾಯಿ; ಅವಳಿಗೆ ನಾನು ಕೊಮಾದ್ರೆ. ಒಡಹುಟ್ಟಿದವರೊಂದಿಗೆ ಜಗಳವಾಡಿ ಮಾತು ಬಿಡಬಹುದು, ಕೊಮಾದ್ರೆಯೊಂದಿಗೆ ಬಿಡುವ ಹಾಗಿಲ್ಲ. ಹಾಗಾಗಿ ಆ ದಿನ ಡೋಲಿನ ಜೊತೆ ಕೆಸರಿನಲ್ಲಿ ಕಾಲು ಕೀಳುತ್ತ, ಗಂಟಲು ಹರಿಯುವಂತೆ ಬೈಯುತ್ತ ಹೋದವಳೂ ನಾನೇ. ನನ್ನ ಬಾಯಿ ಎಂಥದ್ದು ಎಂದು ಊರಿಗೆ ಗೊತ್ತು. ಅಂದು ನಾನು ಬೈದದ್ದನ್ನು ಗಂಡಸರು ಈಗಲೂ ನೆನಪಿಸಿಕೊಂಡು ನಗುತ್ತಾರೆ.

ನಮ್ಮೆಲ್ಲರಿಗಿಂತ ಮುಂದೆ ಹೋದವಳು ಪಾಸ್ಕ್ವಾಲಾ. ಅವಳು ದೆಯಾನೀರಾಳ ಅತ್ತೆ, ಊರಿಗೆಲ್ಲ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಂದವರು, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುವ, ಕಡಿಮೆ ಮಾತಿನ ಹೆಂಗಸು. ಯಾರೂ ತನಗಿಂತ ಮುಂದೆ ಕಾಲಿಡಕೂಡದು ಎಂದು ಅಂದು ಕಟ್ಟಪ್ಪಣೆ ಮಾಡಿದ್ದಳು. ಅವಳ ಹಿಂದೆ ನಾವು ಹತ್ತು ಹದಿನೈದು ಜನ ಗುಂಪಾಗಿ ಕೆಸರು ತುಳಿದುಕೊಂಡು ಹೋದೆವು. ಮಗು ಬಹಳ ದೂರವೇನೂ ಇರಲಿಲ್ಲ. ಬೇರುಗಳು ನೆಲದಿಂದ ಮೇಲೆದ್ದು ಬುಟ್ಟಿಯಂತೆ ಹೆಣೆದುಕೊಂಡಿರುವ ಒಂದು ಕಡೆ, ಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತು. ಉಬ್ಬರದ ನೀರು ಏರುತ್ತಿತ್ತು. ಬಟ್ಟೆಯ ಅಂಚು ಆಗಲೇ ನೆನೆದಿತ್ತು. ಮಗು ಅಳುತ್ತಿರಲಿಲ್ಲ. ಎಲೆಗಳ ಸಂದಿಯಿಂದ ಬೀಳುವ ಬೆಳಕನ್ನು ನೋಡುತ್ತ ಮಲಗಿತ್ತು.

ಮಗುವನ್ನು ಎತ್ತಿಕೊಂಡು ಡೋಲು ಬಡಿಯುತ್ತಲೇ ಮನೆಗೆ ತಂದೆವು. ಹಾಡಿದೆವು, ಕುಣಿದೆವು. ದೆಯಾನೀರಾ ಗೋಡೆಗೆ ಒರಗಿ ಕೂತಿದ್ದಳು. ಮಗುವನ್ನು ಅವಳ ಮುಂದೆ ಹಿಡಿದರೂ ಅವಳು ಕೈ ಚಾಚಲಿಲ್ಲ. ಪಾಪ, ಹೆದರಿಬಿಟ್ಟಿದ್ದಾಳೆ ಎಂದುಕೊಂಡೆವು.

ದೆಯಾನೀರಾ ಹುಟ್ಟಿದ್ದು ಬೇರೆ ನದಿಯ ದಂಡೆಯಲ್ಲಿ, ದೋಣಿಯಲ್ಲಿ ಮೂರು ದಿನದ ದಾರಿ. ಹತ್ತೊಂಬತ್ತಕ್ಕೆ ಎವಾರಿಸ್ತೊನ ಕೈ ಹಿಡಿದು ಇಲ್ಲಿಗೆ ಬಂದಳು. ಮುಂದಿನ ಒಂದು ಹಲ್ಲು ಮುರಿದಿತ್ತು. ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುವಳು. ಬಂದ ತಿಂಗಳಲ್ಲೇ ನನ್ನ ಜೊತೆ ಇಳಿತದ ಹೊತ್ತಿಗೆ ಕಾಡಿಗೆ ಬಂದು, ಬೇರುಗಳ ಬುಡದ ಕೆಸರಿನಲ್ಲಿ ಮೊಣಕೈವರೆಗೆ ಕೈ ತೂರಿಸಿ ಕಪ್ಪು ಚಿಪ್ಪಿ ತೆಗೆಯಲು ಕಲಿತಳು. ಒಂದು ವರ್ಷ ಕಳೆಯುವುದರೊಳಗೆ ನನ್ನ ಬುಟ್ಟಿಗಿಂತ ಅವಳ ಬುಟ್ಟಿಯೇ ಬೇಗ ತುಂಬುತ್ತಿತ್ತು. ಸುಲೇಮಾಳ ಬಾಣಂತನದ ನಂತರ ಅವಳು ಮೊದಲಿನಂತೆ ಆಗಲು ಬಹಳ ತಿಂಗಳು ಹಿಡಿಯಿತು. ಆದಳು, ನಕ್ಕಳು, ಚಿಪ್ಪಿಗೂ ಬಂದಳು. ಆದರೆ ಮನೆಯ ಹಿಂದಿನ ಕಾಡಿಗೆ ಮಾತ್ರ ಕಾಲಿಡಲಿಲ್ಲ. ತುಂದಾ ಬಂದ ದಿಕ್ಕು, ಯಾರು ಹೋಗುತ್ತಾರೆ ಎಂದು ನಾನೂ ಒತ್ತಾಯ ಮಾಡಲಿಲ್ಲ.

ಎರಡನೆಯ ಮಗು ಬೇಡವೆಂದು ಅವಳು ಅತ್ತೆಯ ಹತ್ತಿರ ಕಹಿ ಕಷಾಯ ಕೇಳಿ ಕುಡಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಮೊಮ್ಮಕ್ಕಳು ಬೇಕೆನ್ನುವ ವಯಸ್ಸಿನ ಪಾಸ್ಕ್ವಾಲಾ, ಯಾಕೆ ಎಂದು ಒಮ್ಮೆಯೂ ಕೇಳದೆ, ನಾಲ್ಕು ವರ್ಷ ತಿಂಗಳು ತಪ್ಪದೆ ಕುದಿಸಿ ಕೊಟ್ಟಳು. ಕೊನೆಗೆ ಹೊಟ್ಟೆ ಕೆಡುತ್ತದೆ, ಸಾಕು ಎಂದು ನಿಲ್ಲಿಸಿದಳು. ಮಾರನೆಯ ವರ್ಷವೇ ಗಂಡು ಮಗು ಹುಟ್ಟಿತು. ಲೆಯಾಂದ್ರೊ ಎಂದು ಹೆಸರಿಟ್ಟರು.

ಹೊಕ್ಕುಳಬಳ್ಳಿ ಬಿದ್ದ ದಿನ ಸೂಲಗಿತ್ತಿ ಆ ಗಾಯಕ್ಕೆ ಏನಾದರೊಂದು ಪುಡಿ ಹಚ್ಚುತ್ತಾಳೆ. ಮಗುವಿಗೆ ಅದರ ಗುಣ ಬರುತ್ತದೆ. ಸುಲೇಮಾಳಿಗೆ ಪಾಸ್ಕ್ವಾಲಾ ಇರುವೆಯ ಪುಡಿ ಹಚ್ಚಿದ್ದಳು, ಚುರುಕಾಗಲಿ ಎಂದು. ಈ ಮಗುವಿಗೆ ಏನು ಹಚ್ಚುತ್ತೀರಿ ಎಂದು ನಾನು ಕೇಳಿದಾಗ, ಹಾವುಮೀನು, ಯಾರು ಹಿಡಿದರೂ ಜಾರಿಕೊಳ್ಳುತ್ತಾನೆ ಎಂದಳು. ದೆಯಾನೀರಾ ಮಂಚದ ಮೇಲಿಂದ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ತಲೆಯೆತ್ತಲಿಲ್ಲ. ಆ ಮಾತು ತನ್ನನ್ನೇ ನೆನೆದು ಆಡಿದ್ದು, ಜಾರಬೇಕಾದದ್ದು ತನ್ನ ಕೈಯಿಂದಲೇ ಎಂದು ದೆಯಾನೀರಾಳಿಗೆ ಆಗಲೇ ಅನ್ನಿಸಿತ್ತಂತೆ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಚಿಪ್ಪಿ ತೆಗೆಯುತ್ತ ತಗ್ಗಿಸಿದ ತಲೆ ಎತ್ತದೆಯೇ.

ಬಾಣಂತಿಗೆ ಬೇಕಾದ್ದೆಲ್ಲ ನಡೆಯುತ್ತಿತ್ತು. ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಎಲೆಗಳನ್ನು ಕುದಿಸಿದ ಬಿಸಿನೀರ ಸ್ನಾನ, ದಿನಕ್ಕೊಂದು ಕೋಳಿಯ ಸಾರು, ಬೇಯಿಸಿದ ಬಾಳೆಕಾಯಿ, ಕಬ್ಬಿನ ಸಾರಾಯಿಯಲ್ಲಿ ಬೇರು ನೆನೆಸಿದ ಔಷಧಿ. ನಲವತ್ತು ದಿನ ತಣ್ಣೀರು ಮುಟ್ಟುವಂತಿಲ್ಲ. ಅವಳು ಯಾವುದಕ್ಕೂ ಎದುರಾಡಲಿಲ್ಲ. ಆದರೆ ಹಾಲೂಡಿಸಿದ ಕೂಡಲೇ ಮಗುವನ್ನು ಪಕ್ಕದವರ ಕೈಗೆ ಕೊಟ್ಟುಬಿಡುವಳು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಸುಲೇಮಾಳನ್ನು ಕರೆದು ಎದುರಿಗೆ ಕೂರಿಸಿಕೊಳ್ಳುವಳು. ಒಬ್ಬಳೇ ಇರುವ ಹೊತ್ತು ಬಂತೆಂದರೆ ಅವಳ ಕಣ್ಣು ಬಾಗಿಲಿಗೇ ಅಂಟಿಕೊಳ್ಳುತ್ತಿತ್ತು.

ಅವಳು ತುಂದಾಗೆ ಹೆದರುತ್ತಿದ್ದಾಳೆ ಎಂದುಕೊಂಡು ನಾವು ಹೆಂಗಸರೆಲ್ಲ ಧೈರ್ಯ ಹೇಳಿದೆವು, ತಮಾಷೆಯನ್ನೂ ಮಾಡಿದೆವು.

"ತುಂದಾಗೆ ಈಗ ವಯಸ್ಸಾಯ್ತು ಕಣೆ, ನಿಮ್ಮನೆ ಏಣಿ ಹತ್ತೋಕಾಗಲ್ಲ," ಎಂದಳು ಆಚೆಮನೆಯ ಎಸ್ನೆದಾ. ಅವಳ ಸೊಂಟದಲ್ಲೂ ಮೂರು ತಿಂಗಳ ಕೂಸಿತ್ತು. "ಹತ್ತಿದ್ರೂ ಇದು ಗಂಡು. ನಮ್ಮೂರ ಗಂಡಸರನ್ನ ಎತ್ಕೊಂಡ್ ಹೋದ್ರೆ ಹೊಟ್ಟೆಗೆ ಹಾಕೋಕಾಗ್ದೆ ಅವಳೇ ವಾಪಸ್ ತಂದ್ಬಿಟ್ಟು ಹೋಗ್ತಾಳೆ."

ಎಲ್ಲರೂ ನಕ್ಕೆವು. ದೆಯಾನೀರಾ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ನಗಲಿಲ್ಲ.

ಸುಲೇಮಾಳಿಗೆ ಇನ್ನೊಂದು ಅಭ್ಯಾಸವಿತ್ತು. ಹೊರಗೆ ಆಡಿಕೊಂಡು ಬಂದವಳು ತಾಯಿಯ ಹತ್ತಿರ ಹೋಗುವ ಮೊದಲು ಬಗ್ಗಿ, ಅವಳ ಲಂಗದ ಅಂಚನ್ನು ಎತ್ತಿ, ಎರಡೂ ಪಾದಗಳನ್ನು ನೋಡುವಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟುವಳು. ಅಜ್ಜಿ ಕಲಿಸಿದ್ದೇನಲ್ಲ, ತಾನಾಗಿಯೇ ಕಲಿತದ್ದು. ಒಮ್ಮೆ ಮೋಸಹೋದವಳು ಹುಷಾರಾಗಿರಬೇಕಲ್ಲ ಎಂದು ದೊಡ್ಡವರಂತೆ ಹೇಳುತ್ತಿದ್ದಳು. ತಮ್ಮ ಹುಟ್ಟಿದ ಮೇಲಂತೂ ದಿನಕ್ಕೆ ಹತ್ತು ಸಲ. ದೆಯಾನೀರಾ ಎಂದೂ ಗದರಲಿಲ್ಲ. ಮಗಳು ನೋಡಿ ಮುಗಿಸುವವರೆಗೆ ಕಾಲು ಅಲುಗಿಸದೆ ನಿಲ್ಲುವಳು. ನೋಡುವವರಿಗೆ ಮುದ್ದು. ಅವಳಿಗೆ ಮಾತ್ರ ಪ್ರತಿ ಸಲವೂ ಒಂದೇ ಮಾತು ಮನಸ್ಸಿಗೆ ಬರುತ್ತಿತ್ತಂತೆ: ನನ್ನ ಕಾಲು ಸರಿಯಾಗಿಯೇ ಇದೆ ಮಗಳೇ, ಆಗಲೂ ಸರಿಯಾಗಿಯೇ ಇತ್ತು.

ಏಳನೆಯ ದಿನ ಎವಾರಿಸ್ತೊ ಮೀನಿಗೆ ಹೊರಟ. ಹೋದರೆ ನಾಲ್ಕೈದು ದಿನ ಬರುವುದಿಲ್ಲ. ಅವನು ಬಲೆಯನ್ನು ಹೆಗಲಿಗೆ ಹಾಕಿಕೊಂಡಾಗ ದೆಯಾನೀರಾ ಬಾಗಿಲಿಗೆ ಬಂದಳು.

"ಈ ಸಲ ಹೋಗ್ಬೇಡ."

"ಹೋಗ್ದೆ ಇದ್ರೆ ಊಟಕ್ಕೇನ್ ಮಾಡೋದು? ಅಮ್ಮ ಇದಾಳಲ್ಲ."

"ಹಂಗಾದ್ರೆ ಇಳಿತ ಬಂದಾಗ ಏಣಿ ಎತ್ತಿ ಮೇಲಿಟ್ಕೊಳೋಕೆ ನಿಮ್ಮಮ್ಮಂಗೆ ಹೇಳ್ಬಿಟ್ಟು ಹೋಗು."

ಅವನು ನಕ್ಕ. ನಮ್ಮ ಮನೆಗಳೆಲ್ಲ ಕಂಬಗಳ ಮೇಲೆ. ಉಬ್ಬರದಲ್ಲಿ ಕೆಳಗೆ ನೀರು, ಇಳಿತದಲ್ಲಿ ಕೆಸರು. ಏಣಿಯೆಂದರೆ ಮೆಟ್ಟಿಲು ಕೆತ್ತಿದ ಒಂದು ದಿಮ್ಮಿ, ಎಳೆದು ಮೇಲಿಟ್ಟರೆ ಕೆಳಗಿನಿಂದ ಯಾರೂ ಬರಲಾಗುವುದಿಲ್ಲ. ಮೇಲಿರುವವರು ಇಳಿಯಲೂ ಆಗುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಹೇಳಿ ಹೋಗುತ್ತೇನೆ ಎಂದ. ಹೇಳಿಯೂ ಹೋದ. ಅಂದಿನಿಂದ ಪಾಸ್ಕ್ವಾಲಾ ಮಾತಿಲ್ಲದೆ ದಿನಾ ಏಣಿ ಎಳೆದಿಡುತ್ತಿದ್ದಳು.

ದೆಯಾನೀರಾ ಹದಿನೆಂಟನೆಯ ದಿನಕ್ಕೆ ಕಾಯುತ್ತಿದ್ದಳು. ಆ ದಿನ ದಾಟಿದರೆ ದಾಟಿದಂತೆ ಎಂದು ಅವಳ ಲೆಕ್ಕ. ಆದರೆ ಅದು ಹನ್ನೊಂದನೆಯ ದಿನವೇ ಬಂತು, ಮಟಮಟ ಮಧ್ಯಾಹ್ನ. ಕೋಳಿ ಕೊಯ್ಯಲೆಂದು ಪಾಸ್ಕ್ವಾಲಾ ಹಿತ್ತಿಲಿಗೆ ಇಳಿದಿದ್ದಳು. ಏಣಿ ಕೆಳಗೇ ಇತ್ತು. ನಾನೂ ಅಲ್ಲೇ ಕೂತು ಚಿಪ್ಪಿ ಬಿಡಿಸುತ್ತಿದ್ದೆ. ಮನೆಯ ಕೆಳಗಿನ ನೀರು ಇಳಿಯುತ್ತ ಕಂಬಗಳಿಗೆ ಸಣ್ಣಗೆ ಬಡಿಯುತ್ತಿತ್ತು.

"ಅದು ಬರೋವಾಗ ಅಳು ಥರ ಬರಲ್ಲ ಕೊಮಾದ್ರೆ," ಎಂದು ಅವಳು ಮುಂದೆ ನನಗೆ ಹೇಳಿದಳು. "ಅಳು ಬಂದ್ರೆ ಯಾರನ್ನಾದ್ರೂ ಕರೀಬೌದು. ಎಲ್ಲ ಸರಿಹೋಯ್ತು ಅನ್ನೋ ಥರ ಬರುತ್ತೆ. ತಲೆ ಒಳಗಿನ ಗದ್ದಲ ಎಲ್ಲ ನಿಂತ್ಹೋಗುತ್ತೆ. ಮೊದಲನೇ ಸಲಾನೂ ಹಂಗೇ ಬಂದಿದ್ದು. ಈ ಮಗು ನಂದಲ್ಲ, ಕಾಡಿಂದ ತಂದಿದ್ದು, ಅಲ್ಲೇ ಇಟ್ಟು ಬಂದ್ರೆ ಆಯ್ತು ಅಂತ. ತೊಳ್ದ ಪಾತ್ರೆ ಜಾಗಕ್ಕೆ ಇಡ್ತೀವಲ್ಲ, ಹಂಗೆ."

ಅವಳು ಮಗುವನ್ನು ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿದಳು. ಎತ್ತಿಕೊಂಡು ಬಾಗಿಲು ದಾಟಿ ಏಣಿಯ ತುದಿಗೆ ಬಂದಳು. ಕೆಳಗೆ ತೆಂಗಿನ ಚಿಪ್ಪಿನಲ್ಲಿ ಕೆಸರು ತುಂಬಿ ಆಡುತ್ತಿದ್ದ ಸುಲೇಮಾ ತಲೆಯೆತ್ತಿದಳು.

"ಎಲ್ಲಿಗಮ್ಮ?"

"ಇಲ್ಲೇ."

ಹುಡುಗಿ ನಾಲ್ಕು ಮೆಟ್ಟಿಲು ಹತ್ತಿದಳು. ಎಂದಿನಂತೆ ಲಂಗದ ಅಂಚು ಎತ್ತಿದಳು. ಬಲಗಾಲಿನ ಬೆರಳು, ಎಡಗಾಲಿನ ಬೆರಳು, ಹಿಮ್ಮಡಿ, ಎಲ್ಲವನ್ನೂ ಕೆಸರಿನ ಕೈಯಲ್ಲೇ ಮುಟ್ಟಿ ನೋಡಿದಳು. ಆಮೇಲೆ ತಾಯಿಯ ತೋಳಿನಲ್ಲಿದ್ದ ತಮ್ಮನಿಗೆ ಹೇಳಿದಳು:

"ಹೆದರ್ಕೋಬೇಡ ಕಣೋ. ಅಮ್ಮಾನೇ."

ದೆಯಾನೀರಾ ಅಲ್ಲೇ, ಏಣಿಯ ತುದಿಯಲ್ಲಿ, ಕುಸಿದು ಕೂತಳು. ಆ ಹುಡುಗಿ ಅಷ್ಟು ನಂಬಿ ಹೇಳಿದ ಮಾತು ಕಿವಿಗೆ ಬಿದ್ದದ್ದೇ ತಡ, ನಿಂತುಹೋಗಿದ್ದ ಗದ್ದಲವೆಲ್ಲ ಒಟ್ಟಿಗೇ ತಲೆಯೊಳಗೆ ನುಗ್ಗಿತಂತೆ. ಕಾಲು ಮುಂದಿಡಲೂ ಆಗಲಿಲ್ಲ, ಹಿಂದಿಡಲೂ ಆಗಲಿಲ್ಲ. ಅವಳು "ಅತ್ತೆ" ಎಂದು ಕರೆದಳು. ಕಿರುಚಲಿಲ್ಲ. ಆದರೂ ಪಾಸ್ಕ್ವಾಲಾಳ ಕೈಯಲ್ಲಿದ್ದ ಕೋಳಿ ಕೆಳಗೆ ಬಿತ್ತು. ಅಷ್ಟು ವಯಸ್ಸಾದವಳು ನನಗಿಂತ ಮೊದಲು ಏಣಿಯ ಬುಡದಲ್ಲಿದ್ದಳು.

ಅವಳು ಮೊದಲು ಮಾಡಿದ್ದು, ಎಸ್ನೆದಾಳ ಮನೆಯಿಂದ ಉಪ್ಪು ತರಲು ಮೊಮ್ಮಗಳನ್ನು ಕಳಿಸಿದ್ದು. ಆಮೇಲೆ ರಕ್ತದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೇಲೆ ಬಂದಳು. ಹಿಂದೆ ನಾನು.

"ಇವನ್ನ ತಗೊಳ್ಳಿ ಅತ್ತೆ. ನನ್ನ ಕೈಯಿಂದ ತಗೊಂಡ್ಬಿಡಿ."

ಪಾಸ್ಕ್ವಾಲಾ ಮಗುವನ್ನು ತೆಗೆದುಕೊಂಡಳು. ಒಳಗೆ ಹೋಗಿ ನೆಲದ ಮೇಲೆ ಕೂತೆವು. ದೆಯಾನೀರಾ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

"ಅವತ್ತು ಸುಲೇಮಾನ ತುಂದಾ ಎತ್ಕೊಂಡು ಹೋಗ್ಲಿಲ್ಲ," ಎಂದಳು. "ನಾನೇ ಹೋಗಿ ಇಟ್ಟು ಬಂದೆ."

ಬಾಣಂತಿ ಸನ್ನಿ, ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡು ನಾನು ಪಾಸ್ಕ್ವಾಲಾಳ ಮುಖ ನೋಡಿದೆ. ಅವಳು ಬಾಯಿಂದ ಚುಟ್ಟಾ ತೆಗೆದು ಪಕ್ಕಕ್ಕಿಟ್ಟಳು.

"ಗೊತ್ತು," ಎಂದಳು.

ದೆಯಾನೀರಾ ತಡೆದು ತಡೆದು ಹೇಳಿದಳು. ಅಂದು ಹನ್ನೆರಡು ದಿನದಿಂದ ಅವಳ ಕಣ್ಣಿಗೆ ನಿದ್ದೆಯೇ ಹತ್ತಿರಲಿಲ್ಲ. ಎವಾರಿಸ್ತೊ ಸಮುದ್ರದಲ್ಲಿದ್ದ, ಅತ್ತೆ ಹೆರಿಗೆ ಮಾಡಿಸಲು ಹೋಗಿದ್ದಳು. ಆ ನಿಶ್ಶಬ್ದ ಬಂತು. ಮಗುವನ್ನು ಎತ್ತಿಕೊಂಡು ಇಳಿದು ಕಾಡಿಗೆ ಹೋದಳು. ಒಳ್ಳೆಯ ಜಾಗ ನೋಡಿ, ಬೇರುಗಳ ಮೇಲೆ ಮಲಗಿಸಿ, ಬಿಸಿಲು ಕಣ್ಣಿಗೆ ಬೀಳದಂತೆ ಒಂದು ಕೊಂಬೆ ಬಗ್ಗಿಸಿಟ್ಟಳು. ವಾಪಸು ಬಂದು ಬಟ್ಟೆ ಒಣಹಾಕಿದಳು. ಮನಸ್ಸಿಗೆ ಎಷ್ಟು ಹಾಯೆನಿಸಿತ್ತೆಂದರೆ ಹಾಡಿಕೊಳ್ಳುತ್ತಿದ್ದಳಂತೆ. ಪಾಸ್ಕ್ವಾಲಾ ಬಂದು ಮಗು ಎಲ್ಲಿ ಎಂದು ಕೇಳಿದಾಗ, ಅಲ್ಲೇ ಇಟ್ಟು ಬಂದೆ ಎಂದು ಹೇಳಬೇಕೆಂದು ಬಾಯಿ ತೆರೆದಳು. ಮಾತು ಬರಲಿಲ್ಲ.

"ನೀವು ನನ್ನ ಕಾಲು ನೋಡಿದ್ರಿ," ಎಂದಳು. "ಆಮೇಲೆ ಕೂರಿಸಿ, ನೀರು ತಂದು ತೊಳೆದ್ರಿ. ಏನೂ ಕೇಳ್ಲಿಲ್ಲ. ಐದು ವರ್ಷ ಆಯ್ತು. ನಿಮಗೆ ಗೊತ್ತಿದೆಯೋ, ತುಂದಾ ಅಂತ ನಿಜವಾಗ್ಲೂ ನಂಬಿದೀರೋ, ನನಗೆ ಇವತ್ತಿನವರೆಗೂ ಗೊತ್ತಾಗ್ಲಿಲ್ಲ."

ಪಾಸ್ಕ್ವಾಲಾ ಮಗುವಿನ ಬೆನ್ನು ತಟ್ಟುತ್ತಿದ್ದಳು. ನಾನು ಆ ಹೆಂಗಸಿನ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

"ಮೊಣಕಾಲವರೆಗೂ ಕೆಸರಿತ್ತು," ಎಂದಳು. "ಹಂಗೇ ಕೂಗ್ಕೊಂಡಿದ್ರೆ ಊರೆಲ್ಲ ಬಂದು ನೋಡೋದು. ನಿನ್ನ ಏನ್ ಮಾಡ್ತಿದ್ರೋ. ನಾನು ಕೂತ್ಕೊಂಡು ತೊಳೆದೆ. ಬೆರಳ ಸಂದಿ, ಉಗುರ ಸಂದಿ, ಎಲ್ಲ ತೊಳೆದೆ. ಆ ನೀರು ಚೆಲ್ಲಿ ಬಂದು ಆಮೇಲೆ ತುಂದಾ ಅಂತ ಕೂಗ್ದೆ. ಮೊದಲು ಓಡ್ಬೇಕಾಗಿತ್ತು ನಾನು. ಕೂಸು ಅಲ್ಲಿದೆ, ನೀರು ಏರ್ತಾ ಇದೆ, ನಾನಿಲ್ಲಿ ಕಾಲು ತೊಳೀತಾ ಇದೀನಿ. ಇನ್ನೊಂದು ಗೇಣು ಏರಿದ್ದಿದ್ರೆ? ಎಷ್ಟೋ ಜನಕ್ಕೆ ಹೆರಿಗೆ ಮಾಡ್ಸಿದೀನಿ, ಒಂದೊಂದು ಕೂಸು ಕೈಗೆ ಬಂದಾಗ್ಲೂ ಅದೇ ನೆನಪಾಗುತ್ತೆ. ನೀನು ಸನ್ನಿಯಲ್ಲಿದ್ದೆ ಕಣೆ. ನನಗೆ ಬುದ್ಧಿ ನೆಟ್ಟಗಿತ್ತು."

ಆಗ ನನಗೆ ಒಂದೊಂದಾಗಿ ಅರ್ಥವಾಯಿತು. ಯಾರೂ ಮುಂದೆ ಹೋಗಬೇಡಿ ಎಂದದ್ದು, ಕೆಸರಿನಲ್ಲಿ ಸೊಸೆಯ ಹೆಜ್ಜೆಗಳಿದ್ದವು, ಅದಕ್ಕೆ. ಡೋಲಿನವರನ್ನೂ ಊರವರನ್ನೂ ಹಿಂದೆಯೇ ಕರೆದುಕೊಂಡು ಹೋದದ್ದು, ನಮ್ಮ ಹದಿನೈದು ಜನರ ಕಾಲಿನ ಕೆಳಗೆ ಆ ಹೆಜ್ಜೆಗಳು ಅಳಿಯಲಿ ಎಂದು. ಮತ್ತು ನಾನು. ಹೊಟ್ಟೆಯಲ್ಲಿ ಹೊತ್ತವಳಲ್ಲ, ಹಡೆದವಳಲ್ಲ, ಬಂಜೆ, ಹೆಣತಿನ್ನುವವಳು ಎಂದೆಲ್ಲ ನಾನು ಬೈದಿದ್ದೆ. ಇನ್ನೂ ಏನೇನೋ ಬೈದಿದ್ದೆ, ಬರೆಯುವಂಥದ್ದಲ್ಲ.

ನಾನು ಏನು ನೆನೆಯುತ್ತಿದ್ದೇನೆ ಎಂದು ದೆಯಾನೀರಾಳಿಗೆ ತಿಳಿದಿರಬೇಕು.

"ನೀನು ಬೈದಿದ್ದೆಲ್ಲ ಮನೆವರೆಗೂ ಕೇಳಿಸ್ತಿತ್ತು ಕೊಮಾದ್ರೆ," ಎಂದಳು. ಕೋಪವಿರಲಿಲ್ಲ. "ಒಂದೊಂದೂ."

ನಾನು ಅವಳ ಪಕ್ಕಕ್ಕೆ ಸರಿದು ಕೂತೆ. ಅಷ್ಟರಲ್ಲಿ ಮಗು ಅತ್ತಿತು. ಪಾಸ್ಕ್ವಾಲಾ ಮೂಗು ಒರೆಸಿಕೊಂಡು ಮತ್ತೆ ಸೂಲಗಿತ್ತಿಯಾದಳು. ಇವತ್ತೂ ಬಂತಾ ಎಂದು ಕೇಳಿದಳು, ಬಂತು ಎಂದಳು ಸೊಸೆ. ಇದಕ್ಕೆ ತನ್ನ ಹತ್ತಿರ ಸೊಪ್ಪಿಲ್ಲ, ಬೇರಿಲ್ಲ ಎಂದು ಅವಳು ಒಪ್ಪಿಕೊಂಡದ್ದನ್ನು ನಾನು ಮೊದಲ ಸಲ ಕೇಳಿದೆ. ಅಂದು ಸಂಜೆಯವರೆಗೂ ನಾವಿಬ್ಬರೂ ಅವಳ ಎರಡು ಮಗ್ಗುಲಿಗೆ ಕೂತಿದ್ದೆವು. ಬೆಳಿಗ್ಗೆ ಉಬ್ಬರಕ್ಕೆ ಹೊರಟ ಮೊದಲನೆಯ ಮೋಟಾರು ದೋಣಿಯಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ವಯಸ್ಸಿನಲ್ಲಿ ದೆಯಾನೀರಾಳಿಗಿಂತ ಚಿಕ್ಕವಳು. ಕೇಳಿ ಬೆಚ್ಚಲಿಲ್ಲ, ಬೈಯಲಿಲ್ಲ. ಹೆತ್ತ ಮೇಲೆ ಕೆಲವರಿಗೆ ಬರುವ ಕಾಯಿಲೆ ಇದು, ಒಮ್ಮೆ ಬಂದವರಿಗೆ ಮತ್ತೆ ಬರುವುದುಂಟು, ಔಷಧಿಯಿದೆ ಎಂದಳು. ಆಮೇಲೆ ಪಾಸ್ಕ್ವಾಲಾಳ ಕಡೆ ತಿರುಗಿ, ಐದು ವರ್ಷದ ಹಿಂದೆಯೇ ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಕೇಳಿದಳು. ಹದಿಮೂರು ದಿನ ಅಲ್ಲಿಯೇ ಇಟ್ಟುಕೊಂಡರು. ಆ ಹದಿನೆಂಟನೆಯ ದಿನವನ್ನು ದೆಯಾನೀರಾ ಅಲ್ಲಿ ಗುಳಿಗೆಯ ಮಂಪರಿನಲ್ಲಿ ಮಲಗಿಯೇ ಕಳೆದಳು. ಎದ್ದು ಎಷ್ಟನೆಯ ದಿನ ಎಂದು ಕೇಳಿದಾಗ ಇಪ್ಪತ್ತು ಎಂದರಂತೆ. ಆ ಗುಳಿಗೆ ನುಂಗುವಾಗ ಹಾಲೂಡಿಸಕೂಡದಾಗಿತ್ತು. ಲೆಯಾಂದ್ರೊ ಊರಿನಲ್ಲಿ ಎಸ್ನೆದಾಳ ಹಾಲು ಕುಡಿದ. ಒಂದು ಮೊಲೆ ತನ್ನ ಮಗಳಿಗೆ, ಒಂದು ಇವನಿಗೆ. ನಿನ್ನ ಮಗ ನನ್ನ ಮಗಳ ಪಾಲನ್ನೂ ಕಿತ್ತುಕೊಂಡು ಕುಡಿಯುತ್ತಾನೆ, ಥೇಟ್ ಗಂಡಸು ಎಂದು ಅವಳು ಹೇಳಿ ಕಳಿಸಿದಳು. ಎದೆ ಬತ್ತಲೆಂದು ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದ ದೆಯಾನೀರಾ ಅದನ್ನು ಕೇಳಿ ಅತ್ತಳು. ಅಳು ಬಂದದ್ದು ಒಳ್ಳೆಯದಾಯಿತು ಎಂದಳು ಡಾಕ್ಟರಮ್ಮ.

ಊರಿಗೆ ನಾವು ಹೇಳಿದ್ದು ಬಾಣಂತಿಗೆ ಜ್ವರ ಎಂದು. ತುಂದಾಳ ಕಥೆ ಹಾಗೆಯೇ ಉಳಿಯಿತು. ಸುಲೇಮಾಳಿಗೆ ನಿಜವನ್ನು ಹೇಳಬೇಕೇ ಎಂದು ನಾವು ಮೂವರೂ ಮಾತಾಡಿದೆವು, ಒಂದು ದಿನವಲ್ಲ, ಹಲವು ದಿನ. ಬೇಡವೇ ಬೇಡ ಎಂದಳು ಪಾಸ್ಕ್ವಾಲಾ. ದೊಡ್ಡವಳಾದ ಮೇಲೆ, ಅವಳೂ ಹೆರುವ ಕಾಲ ಬಂದಾಗ ಹೇಳಲೇಬೇಕು, ಅದು ರಕ್ತದಲ್ಲಿ ಬರುವುದಾದರೆ ಅವಳಿಗೆ ಗೊತ್ತಿರಬೇಕು ಎಂದಳು ದೆಯಾನೀರಾ. ಅಲ್ಲಿಯವರೆಗೆ ಹುಡುಗಿ ತನ್ನ ಕಥೆಯನ್ನು ಹೇಳುತ್ತಲೇ ಇರುತ್ತಾಳೆ. ಅವಳು ಶುರುಮಾಡಿದರೆ ದೆಯಾನೀರಾ ಈಗ ಎದ್ದು ಒಳಗೆ ಹೋಗುವುದಿಲ್ಲ. ಕೂತು ಕೇಳುತ್ತಾಳೆ. ನನಗೆ ಮಾತ್ರ ಕೇಳಲಾಗುವುದಿಲ್ಲ. ಜನ ನನ್ನ ಬೈಗುಳಗಳನ್ನು ನೆನಪಿಸಿ ನಕ್ಕರೆ ಕಿವಿ ಸುಡುತ್ತದೆ.

ಎವಾರಿಸ್ತೊನಿಗೆ ಹೇಳಿದವಳು ಅವನ ತಾಯಿ. ಮೀನಿನಿಂದ ಬಂದವನನ್ನು ದಂಡೆಯಲ್ಲೇ ನಿಲ್ಲಿಸಿ, ಬಲೆ ಇಳಿಸುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಅವನು ದೋಣಿಯ ಅಂಚಿನ ಮೇಲೆ ಕೂತುಬಿಟ್ಟ. ಮೀನು ಬಿಸಿಲಿನಲ್ಲಿ ಹಾಗೇ ಇತ್ತು, ಬೇರೆಯವರು ಬಂದು ಎತ್ತಿದರು. ಅವನು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಪಟ್ಟಣಕ್ಕೂ ಹೋಗಲಿಲ್ಲ. ಅವಳನ್ನು ಬಿಟ್ಟುಬಿಡುತ್ತಾನೇನೋ ಎಂದು ನಾನು ಹೆದರಿದೆ. ಮೂರನೆಯ ದಿನ ಹೋದ. ಅಲ್ಲಿ ಏನು ಮಾತಾಡಿಕೊಂಡರೋ ಇಬ್ಬರೂ ಹೇಳಿಲ್ಲ.

ಅವಳು ಊರಿಗೆ ವಾಪಸು ಬಂದ ಮೇಲೆ ನಾಲ್ಕು ವಾರ ಅವನು ಸಮುದ್ರಕ್ಕೆ ಹೋಗಲಿಲ್ಲ. ಮನೆಯ ಕೆಳಗೆ, ಕಂಬಗಳ ನಡುವೆ, ಕೂತು ಬಲೆ ನೇಯುತ್ತಿದ್ದ. ಮೇಲಿನ ನೆಲದ ಹಲಗೆಗಳ ಸಂದಿಯಿಂದ ಅವಳ ಓಡಾಟ ಕೇಳಿಸುತ್ತಿತ್ತು. ಹೊತ್ತು ಹೊತ್ತಿಗೆ ತಲೆಯೆತ್ತದೆಯೇ ಕರೆಯುವನು.

"ದೆಯಾ."

"ಇದೀನಿ," ಎನ್ನುವಳು ಮೇಲಿನಿಂದ.

ಅಷ್ಟೇ. ಮತ್ತೆ ಸ್ವಲ್ಪ ಹೊತ್ತಿಗೆ, ದೆಯಾ. ಇದೀನಿ. ದಾರಿಯಲ್ಲಿ ಹೋಗುವವರಿಗೆಲ್ಲ ಕೇಳಿಸುತ್ತಿತ್ತು. ಹೊಸದಾಗಿ ಮದುವೆಯಾದವರ ಹಾಗೆ ಆಡುತ್ತಾರೆ ಎಂದು ಹಾಸ್ಯ ಮಾಡಿದವರೂ ಇದ್ದರು.

ಒಂದು ಮಧ್ಯಾಹ್ನ ಅವನು ಕರೆದಾಗ ಉತ್ತರ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಅವನು ಏಣಿಯನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲವಂತೆ. ಒಳಗೆ ದೆಯಾನೀರಾ ಚಾಪೆಯ ಮೇಲೆ ಮಲಗಿದ್ದಳು. ಅವಳ ಎದೆಯ ಮೇಲೆ ಬೋರಲಾಗಿ ಲೆಯಾಂದ್ರೊ. ಇಬ್ಬರೂ ಅಲುಗುತ್ತಿರಲಿಲ್ಲ. ಅವನು ಮೊಣಕಾಲೂರಿ ಕೂತು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದ. ಉಸಿರು ಬಿಸಿಯಾಗಿ ತಾಗಿತು. ಆದರೂ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಹೆಂಡತಿಯ ಮೇಲೆ ಹಾಗೆ ಅನುಮಾನಪಟ್ಟೆನಲ್ಲ ಎಂದು ಮುಂದೆ ನನ್ನೆದುರು ಹೇಳಿಕೊಂಡು ತಲೆ ತಗ್ಗಿಸಿದ.

ಅವನು ಹಾಗೆ ಬೆರಳು ಹಿಡಿದು ನೋಡಿದ್ದು ಅವಳಿಗೆ ಗೊತ್ತಿದೆಯೇ ಎಂದು ಒಂದು ದಿನ ಕಾಡಿನಲ್ಲಿ, ಚಿಪ್ಪಿ ತೆಗೆಯುವಾಗ, ಸುತ್ತಿಬಳಸಿ ಕೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿಯಲು ಹೋಗಿ, ಕೈ ಕೆಸರಾಗಿದ್ದರಿಂದ ಹಾಗೇ ಇಳಿಸಿದಳು.

"ಎಚ್ಚರ ಇತ್ತು ಕೊಮಾದ್ರೆ," ಎಂದಳು. "ನೋಡ್ಲಿ ಅಂತ ಸುಮ್ನಿದ್ದೆ."